ಮುನಿವೆಂಕಟಮ್ಮನವರ ಎರಡು ಫೋಟೋಗಳು

ಮೊನ್ನೆ ಶನಿವಾರ ಶ್ರೀನಿವಾಸಪುರದ ನಮ್ಮ ಬೀದಿಯ ಇಸ್ತ್ರಿ ಗಾಡಿಯ ಮುಂದೆ ನಿಂತಿದ್ದೆ. ಕೆಂಡ ತುಂಬಿದ ಪೆಟ್ಟಿಗೆ ಬಿಳಿ ಬಟ್ಟೆಯ ಮೇಲೆ ಹರಿಯುವಾಗ ಒಂದು ವಾಸನೆ ಏಳುತ್ತದಲ್ಲ, ಇನ್ನೇನು ಸೀದುಹೋಯಿತು ಅನ್ನುವಷ್ಟರಲ್ಲಿ ನಿಂತುಬಿಡುವ ಕಾದ ಹತ್ತಿಯ ವಾಸನೆ, ಅದು ಮೂಗಿಗೆ ಬಿತ್ತು. ನಿಮಗಾದರೆ ಅದರಿಂದ ಮದುವೆ ಮನೆಯ ಬೆಳಗೋ ಶಾಲೆಯ ಯೂನಿಫಾರ್ಮೋ ನೆನಪಾಗಬಹುದು. ನನಗೆ ನೆನಪಾದದ್ದು ಕೋಲಾರದ ಒಂದು ಸ್ಟುಡಿಯೋದ ಹಿಂದಿನ ಕೋಣೆ. ಅಲ್ಲಿ ದೊಡ್ಡ ಬಲ್ಬಿನ ಮುಂದೆ ಬಿಳಿ ಬಟ್ಟೆ ಕಟ್ಟಿದ ಪೆಟ್ಟಿಗೆಯೊಂದಿತ್ತು. ದೀಪ ಅರ್ಧ ಗಂಟೆ ಉರಿದರೆ ಬಟ್ಟೆ ಕಾದು ಇದೇ ವಾಸನೆ. ಅದರೆದುರಿಗೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಹುತ್ತೂರಿನ ಮುನಿವೆಂಕಟಮ್ಮನವರು.

ಅವರ ವಿಷಯಕ್ಕೆ ಬರುವ ಮೊದಲು ನನ್ನ ವಿಷಯ ಎರಡು ಮಾತು ಹೇಳಬೇಕು. ನಾನು ಸರ್ಕಾರಿ ಭೂಮಾಪಕ, ಜನರ ಬಾಯಲ್ಲಿ ಸರ್ವೇಯರ್. ಜಮೀನು ಅಳೆಯುವಾಗ ಎರಡೂ ಕಡೆ ಅಣ್ಣತಮ್ಮಂದಿರು ನಿಂತು ಕೂಗಾಡುತ್ತಿರುತ್ತಾರೆ. ಯಾರ ಮುಖ ನೋಡಿದರೂ ಇನ್ನೊಬ್ಬರಿಗೆ ಅನುಮಾನ. ಹಾಗಾಗಿ ನಾನು ಕಲ್ಲು ನೋಡುವುದನ್ನು, ನಕ್ಷೆ ನೋಡುವುದನ್ನು, ಅದೂ ಸಾಲದಾದರೆ ಬೇಲಿಯ ಮೇಲಿನ ಓತಿಕ್ಯಾತವನ್ನು ನೋಡುವುದನ್ನು ರೂಢಿ ಮಾಡಿಕೊಂಡಿದ್ದೆ. ನಲವತ್ತೈದು ದಾಟಿದ ಮೇಲೆ ಸಹೋದ್ಯೋಗಿಯೊಬ್ಬರ ಹಳೆಯ ಕ್ಯಾಮೆರಾ ನನ್ನ ಕೈಗೆ ಬಂತು. ಕಂಡ ಕೆರೆಯನ್ನೆಲ್ಲ ತೆಗೆದೆ, ಬೆಟ್ಟವನ್ನೆಲ್ಲ ತೆಗೆದೆ, ಹೂಬಿಟ್ಟ ಮಾವಿನ ತೋಪುಗಳನ್ನು ಲೆಕ್ಕವಿಲ್ಲದಷ್ಟು ತೆಗೆದೆ. ಒಂದು ದಿನ ನನ್ನ ಹೆಂಡತಿ ಎಲ್ಲವನ್ನೂ ತಾಳ್ಮೆಯಿಂದ ನೋಡಿ, "ಚೆನ್ನಾಗವೆ. ಆದ್ರೆ ಇಷ್ಟರಲ್ಲಿ ಒಂದು ಮನುಷ್ಯರ ಮುಖ ಇಲ್ವಲ್ರೀ," ಅಂದಳು. ಆ ಮಾತು ನಾಟಿತು. ಮುಂದಿನ ಭಾನುವಾರವೇ ಕೋಲಾರದ ಬಸ್ಸು ಹತ್ತಿದೆ.

ಸ್ಟುಡಿಯೋ ಸುಬ್ರಮಣಿಯವರದು. ಮದುವೆ ಫೋಟೋ ತೆಗೆದು ತೆಗೆದು ಬೇಸತ್ತ ಮನುಷ್ಯ. ಲಗ್ನವಿಲ್ಲದ ಭಾನುವಾರಗಳಲ್ಲಿ ನಮ್ಮಂಥ ಹವ್ಯಾಸಿಗಳಿಗೆ ಮುಖ ತೆಗೆಯುವುದನ್ನು ಹೇಳಿಕೊಡುತ್ತಿದ್ದರು. ಆಗ ನಾವು ಮೂವರು ಕಲಿಯುವವರಿದ್ದೆವು. ಮೊದಲ ಮೂರು ವಾರ ಮುಖವೇ ಇಲ್ಲ. ಸ್ಟೂಲಿನ ಮೇಲೆ ಒಂದು ಮಾವಿನಹಣ್ಣು ಇಟ್ಟು, "ಸರ್ವೇಯರ್ ಸಾರ್, ಇದಕ್ಕೆ ಮೂಗೈತೆ ಅಂತ ಅಂದ್ಕೊಳ್ಳಿ. ಮೂಗಿನ ನೆರಳು ತುಟಿ ಮುಟ್ಟಬಾರ್ದು," ಅನ್ನುತ್ತಿದ್ದರು. ದೀಪ ಒಂದು ಅಡಿ ಸರಿಸಿದರೆ ಹಣ್ಣು ಉಬ್ಬುತ್ತಿತ್ತು, ಎರಡಡಿ ಸರಿಸಿದರೆ ಚಪ್ಪಟೆಯಾಗುತ್ತಿತ್ತು. ಇನ್ನೊಂದು ಪಕ್ಕದಲ್ಲಿ ಬಿಳಿಯ ಥರ್ಮಾಕೋಲ್ ಹಾಳೆ ಹಿಡಿದರೆ ಕತ್ತಲ ಭಾಗಕ್ಕೂ ಜೀವ ಬರುತ್ತಿತ್ತು. ಕೊನೆಯಲ್ಲಿ ನಮ್ಮ ಮಾಡೆಲನ್ನು ನಾವೇ ಕೊಯ್ದು ತಿನ್ನುತ್ತಿದ್ದೆವು.

ನಾಲ್ಕನೇ ವಾರ, ಕೂಲಿ ಕೊಟ್ಟು ಕರೆಸಿದ ನಿಜವಾದ ಮಾಡೆಲ್ ಬಂದಳು. ಮಾಲೂರಿನ ಸಿಂಧು. ಸೀರೆ ಅಂಗಡಿಗಳ ಜಾಹೀರಾತಿಗೆ ನಿಂತು ಅನುಭವವಿದ್ದ ಹುಡುಗಿ. ನನ್ನ ಸರದಿ ಬಂದಾಗ ಕ್ಯಾಮೆರಾ ಹಿಂದೆಯೇ ಮುಖ ಮುಚ್ಚಿಕೊಂಡು ನಿಂತೆ. ಕತ್ತು ಸ್ವಲ್ಪ ಎಡಕ್ಕೆ ಅನ್ನಬೇಕಾದದ್ದನ್ನು, "ಕ್ಷಮಿಸಿ, ತಮಗೆ ತೊಂದರೆ ಇಲ್ಲದಿದ್ದರೆ, ಪೂರ್ವಕ್ಕೆ..." ಅಂದೆ. ಹೌದು, ಪೂರ್ವಕ್ಕೆ! ಇಡೀ ಕೋಣೆ ನಕ್ಕಿತು. ಸಿಂಧು ಮಾತ್ರ ನಗಲಿಲ್ಲ. "ಸಾರ್, ಮೊದ್ಲು ನೀವು ಉಸಿರು ಬಿಡಿ," ಅಂದಳು. ಆಮೇಲೆ ಮೆಲ್ಲಗೆ, "ಮಾತಾಡ್ತಾ ಇರಿ ಸಾರ್. ನೀವು ಸುಮ್ನೆ ಆದ್ರೆ, ನಾನು ಕೆಟ್ಟದಾಗಿ ಕಾಣ್ತಿದೀನೇನೋ ಅಂತ ನಮಗೆ ಅನ್ಸುತ್ತೆ," ಎಂದಳು. ಕ್ಯಾಮೆರಾ ಮುಂದೆ ಕೂತವರಿಗೂ ಭಯವಿರುತ್ತದೆ ಅನ್ನುವುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಭಯವೆಲ್ಲ ನನಗೊಬ್ಬನಿಗೇ ಸೇರಿದ್ದು ಅಂದುಕೊಂಡಿದ್ದೆ.

ಮುನಿವೆಂಕಟಮ್ಮನವರು ಬಂದದ್ದು ಅದಾದ ಎರಡು ತಿಂಗಳಿಗೆ. ಯಾವುದೋ ಅರ್ಜಿಗೆ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಲು ಬಂದವರ ಮುಖ ನೋಡಿ, ಮಾಡೆಲ್ ಆಗಿ ಕೂರಿ ಎಂದು ಸುಬ್ರಮಣಿಯವರೇ ಕೇಳಿಕೊಂಡಿದ್ದರು. ಅರವತ್ತರ ಆಸುಪಾಸು. ಹುತ್ತೂರಿನಲ್ಲಿ ಹಿಪ್ಪುನೇರಳೆ ತೋಟ, ಮನೆಯಲ್ಲಿ ರೇಷ್ಮೆಹುಳ. ಸುಮ್ಮನೆ ಕೂತರೆ ಒಂದು ದಿನದ ಕೂಲಿ ಅಂದಾಗ ಅವರು ನಂಬಿರಲಿಲ್ಲವಂತೆ. ಮೊದಲ ದಿನ ಒಂದು ಗಂಟೆ ಕೂತೆದ್ದು, ಸೊಂಟ ಹಿಡಿದುಕೊಂಡು, "ಸೊಪ್ಪು ಕುಯ್ಯೋದೇ ವಾಸಿ ಸಾರ್. ಅಲ್ಲಿ ಕೈ ಒಂದೇ ನೋಯ್ತೈತೆ. ಇಲ್ಲಿ ಮುಖ ಎಲ್ಲಾ ನೋಯ್ತೈತೆ," ಅಂದರು. ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ತಮ್ಮ ಚಿತ್ರ ತೋರಿಸಿದಾಗ ಕಣ್ಣು ಕಿರಿದು ಮಾಡಿ ನೋಡಿ, "ಇದಿ ನೇನೇನಾ?" ಎಂದು ತೆಲುಗಿನಲ್ಲಿ ತಮ್ಮನ್ನೇ ಕೇಳಿಕೊಂಡರು. ಇದು ನಾನೇನಾ ಎಂದು. ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಆ ನಗು ನನಗೆ ಬೇಕಿರಲಿಲ್ಲ. ಇದನ್ನು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ನಾನು ದೊಡ್ಡ ದೊಡ್ಡ ಫೋಟೋಗ್ರಾಫರುಗಳು ತೆಗೆದ ಚಿತ್ರಗಳನ್ನು ಫೋನಿನಲ್ಲಿ ನೋಡಿ ನೋಡಿ, ಸುಕ್ಕು ಮತ್ತು ಕತ್ತಲು ಇದ್ದರೆ ಮಾತ್ರ ಅದು ಚಿತ್ರ ಎಂಬ ತೀರ್ಮಾನಕ್ಕೆ ಬಂದಿದ್ದೆ. ಮೂರನೇ ಭಾನುವಾರ ಅವರು ಕೆಂಪಂಚಿನ ಹಸಿರು ರೇಷ್ಮೆ ಸೀರೆ ಉಟ್ಟು, ನೆರಿಗೆಗೆ ಪಿನ್ನು ಹಾಕಿ, ತುರುಬಿಗೆ ಕನಕಾಂಬರ ಮುಡಿದು ಬಂದರು. ಕೋಣೆಯೊಳಗೆ ಬಂದವರು ನಾವು ಏನಾದರೂ ಹೇಳುತ್ತೇವೆಂದು ಬಾಗಿಲಲ್ಲಿ ಒಂದು ಕ್ಷಣ ನಿಂತರು. ನಾನು ಹೇಳಿದ್ದಿಷ್ಟು: "ಅಮ್ಮ, ಈ ಸೀರೆ ಆಗಲ್ಲ. ಹೊಳೀತದೆ."

ಸ್ಟುಡಿಯೋದ ಮೂಲೆಯಲ್ಲಿ ಒಂದು ಹಳೆಯ ಕರಿ ಕಂಬಳಿ ಇತ್ತು, ಅಂಚು ಹರಿದದ್ದು. ಅದನ್ನು ತಲೆಯ ಮೇಲಿಂದ ಹೊದೆಯಲು ಕೊಟ್ಟೆ. ಹೂವನ್ನೂ ತೆಗೆಯಿರಿ ಅಂದೆ.

"ಹೂವಾ?" ಅಂದರು. ಗಂಡ ಇರುವ ಹೆಂಗಸು. ಸ್ವಲ್ಪ ತಡೆದು, ತೆಗೆದು, ಮುಷ್ಟಿಯಲ್ಲಿ ಇಟ್ಟುಕೊಂಡು ಕಂಬಳಿಯೊಳಗೆ ಕೈ ಸೇರಿಸಿಕೊಂಡರು. ನಾನು ಒಂದೇ ದೀಪ ಇಟ್ಟೆ, ಪೂರಾ ಪಕ್ಕಕ್ಕೆ. ಥರ್ಮಾಕೋಲ್ ತೆಗೆಸಿದೆ. ಮುಖದ ಪ್ರತಿಯೊಂದು ಗೆರೆಯೂ ಉಳುಮೆಯ ಸಾಲಿನ ಹಾಗೆ ಎದ್ದಿತು. "ಏನಾದ್ರೂ ದುಃಖದ್ದು ನೆನೆಸ್ಕೊಳ್ಳಿ ಅಮ್ಮ," ಅಂದೆ. ಅವರು ನೆಲ ನೋಡಿದರು. ಕಣ್ಣಲ್ಲಿ ನೀರು ತುಂಬಿತು. ಕ್ಲಿಕ್ಕಿಸಿದೆ. ಸಂತೋಷಕ್ಕೆ ಅದನ್ನೇ ಮತ್ತೆ ಮತ್ತೆ ತೆರೆದು ನೋಡಿದೆ.

ಎರಡು ದಿನ ಯೋಚಿಸಿ ಆ ಚಿತ್ರಕ್ಕೆ 'ಒಂಟಿತನ' ಎಂದು ಹೆಸರಿಟ್ಟೆ. ಮುಳಬಾಗಿಲಿನಲ್ಲಿ ಹವ್ಯಾಸಿಗಳ ಒಂದು ಬಳಗದವರು ಕಲ್ಯಾಣ ಮಂಟಪದಲ್ಲಿ ಚಿತ್ರಪ್ರದರ್ಶನ ನಡೆಸಿದರು. ನನಗೆ ಮೊದಲ ಬಹುಮಾನ ಬಂತು. ಶಾಲು ಹೊದಿಸಿ, ಕೈಗೊಂದು ಫಲಕ ಕೊಟ್ಟರು. ಭಾಷಣ ಮಾಡಿದವರೊಬ್ಬರು, ಹೆತ್ತ ತಾಯಂದಿರನ್ನು ಹೀಗೆ ಬೀದಿಗೆ ಬಿಡುವ ಕಾಲ ಬಂತಲ್ಲ ಎಂದು ನನ್ನ ಚಿತ್ರದ ಕಡೆ ಕೈ ತೋರಿಸಿ ಕಣ್ಣೊರೆಸಿಕೊಂಡರು. ಅವರು ಯಾರ ಮನೆಯ ವಿಷಯ ಮಾತಾಡುತ್ತಿದ್ದಾರೆ ಅನ್ನುವುದು ನನ್ನ ತಲೆಗೆ ಹೋಗಲಿಲ್ಲ. ನಾನು ಫಲಕದ ಮೇಲೆ ನನ್ನ ಹೆಸರನ್ನು ಸರಿಯಾಗಿ ಬರೆದಿದ್ದಾರೆಯೇ ಎಂದು ನೋಡುತ್ತಿದ್ದೆ.

ಹತ್ತು ದಿನ ಕಳೆದಿರಬೇಕು. ಶ್ರೀನಿವಾಸಪುರದ ನಮ್ಮ ಕಚೇರಿಯ ವರಾಂಡದಲ್ಲಿ ಪಹಣಿ ತಿದ್ದಿಸಲು ಬಂದವರ ಸಾಲಿನಲ್ಲಿ ಮುನಿವೆಂಕಟಮ್ಮನವರು ನಿಂತಿದ್ದರು. ಯಾವುದೋ ಜಮೀನಿನ ಕೆಲಸಕ್ಕೆ ಬಂದಿದ್ದಾರೆ ಅಂದುಕೊಂಡು ಉತ್ಸಾಹದಿಂದ ಎದ್ದು ಹೋದೆ. ಬಹುಮಾನದ ಸುದ್ದಿ ಹೇಳಬೇಕಿತ್ತಲ್ಲ.

"ಗೊತ್ತು ಸಾರ್," ಅಂದರು. ಸೆರಗಿನ ಗಂಟಿನಿಂದ ಫೋನು ತೆಗೆದು ತೋರಿಸಿದರು. ಹೋಳೂರಿನ ಯಾರೋ ಪ್ರದರ್ಶನದಲ್ಲಿ ನನ್ನ ಚಿತ್ರದ ಫೋಟೋ ಹೊಡೆದುಕೊಂಡಿದ್ದರು. ಕೆಳಗಿನ ಹೆಸರು ಸಮೇತ. ಅದು ಫೋನಿನಿಂದ ಫೋನಿಗೆ ಹಾರಿ ಹುತ್ತೂರು ತಲುಪಿತ್ತು.

"ಇದೇನೋ ಬರ್ದೈತಲ್ಲ, ಒಂಟಿತನ ಅಂತ. ಮೊಮ್ಮಗಳು ಓದಿ ಹೇಳಿದ್ಲು. ನಾನ್ ಒಂಟಿನಾ ಸಾರ್? ನಮ್ಮನೇಲಿ ಹನ್ನೊಂದು ಜನ ಅವ್ರೆ."

ನಾನು ನಗಲು ಹೋದೆ. ಅವರು ನಗಲಿಲ್ಲ.

"ನನ್ ಸೊಸೆ ಬಾಗ್ಯ ಮೂರ್ ದಿನದಿಂದ ಸರ್ಯಾಗಿ ಅನ್ನ ತಿಂದಿಲ್ಲ. ಅತ್ತೇನ ಹರಕಲು ಕಂಬ್ಳಿ ಹೊದ್ಸಿ ಮೂಲೇಲಿ ಕೂರ್ಸಿದೀಯ ಅಂತ ಊರ್ನೋರೆಲ್ಲ ಅವಳ್ನೇ ಕೇಳ್ತಾವ್ರೆ. ಅವಳ ತೌರೋರು ಫೋನ್ ಮಾಡಿ ಬೈದವ್ರೆ. ಡೈರಿ ತಾವ ಹಾಲು ಹಾಕೋಕೂ ಹೋಗ್ತಿಲ್ಲ ಅವಳು."

"ಅಮ್ಮ, ಅದು ಹಾಗಲ್ಲ. ಅದು ಕಲೆ..." ಅಂದೆ.

"ಕಲೇನೇ ಸಾರ್. ನಮ್ಮನೆ ಮೇಲೆ ಬಿದ್ದೈತೆ," ಅಂದರು.

ವರಾಂಡದಲ್ಲಿದ್ದವರೆಲ್ಲ ನೋಡುತ್ತಿದ್ದರು. ಕೇಳಬಾರದ ಪ್ರಶ್ನೆಯೊಂದನ್ನು ಕೇಳಿದೆ. "ಮತ್ತೆ ಅವತ್ತು ಅಳ್ತಾ ಇದ್ರಲ್ಲಮ್ಮ?"

"ನೀವು ದುಃಖದ್ದು ನೆನೆಸ್ಕೋ ಅಂದ್ರಲ್ಲ. ನಮ್ ಸೀಮೆಹಸು ಸತ್ತಿದ್ದು ನೆನೆಸ್ಕೊಂಡೆ," ಅಂದರು ಮುನಿವೆಂಕಟಮ್ಮನವರು. "ಹೇಳಿದ್ ಕೆಲ್ಸ ಮಾಡ್ದೆ."

ಅವರು ಬೈದು ಹೋಗಿದ್ದರೆ ಸಲೀಸಾಗುತ್ತಿತ್ತು. ಹೇಳಿದ ಕೆಲಸವನ್ನು ನಿಯತ್ತಾಗಿ ಮಾಡಿದ್ದೇನೆ ಎಂದು ಹೇಳಿ, ಕೋಲಾರದ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು. ಎಷ್ಟೋ ಜನರ ಎಲ್ಲೆ ಒತ್ತುವರಿಯಾಗಿದೆ ಎಂದು ವರದಿ ಬರೆದವನು ನಾನು. ಆ ದಿನ ಕಚೇರಿಯಲ್ಲಿ ಒಂದು ಗೆರೆಯನ್ನೂ ನೆಟ್ಟಗೆ ಎಳೆಯಲಾಗಲಿಲ್ಲ.

ಮಾರನೆಯ ದಿನ ರಜೆ ಹಾಕಿ ಮುಳಬಾಗಿಲಿಗೆ ಹೋಗಿ ಫಲಕ ಹಿಂದಕ್ಕೆ ಕೊಟ್ಟೆ, ಬಳಗದ ಕೋಣೆಯ ಗೋಡೆಗೆ ಹಾಕಿದ್ದ ಚಿತ್ರವನ್ನು ಇಳಿಸಿಕೊಂಡೆ. ಕಾರ್ಯದರ್ಶಿ ಒಳ್ಳೆಯವರೇ. "ಇಷ್ಟಕ್ಕೆಲ್ಲ ಮನಸ್ಸಿಗೆ ಹಚ್ಕೋಬೇಡಿ ಸಾರ್, ನಾಲ್ಕು ದಿನ ಹೋದ್ರೆ ಜನ ಮರೀತಾರೆ," ಅಂದರು. ಗೋಡೆಯಿಂದೇನೋ ಇಳಿಸಿದೆ, ಅಷ್ಟೊಂದು ಫೋನುಗಳಿಂದ ಇಳಿಸುವುದು ಹೇಗೆ? ಬಸ್ಸಿನಲ್ಲಿ ಆ ದೊಡ್ಡ ಚಿತ್ರವನ್ನು ತೊಡೆಯ ಮೇಲೆ ಮುಖ ಕೆಳಗೆ ಮಾಡಿ ಇಟ್ಟುಕೊಂಡು ಬಂದೆ.

ಆ ಭಾನುವಾರ ಸ್ಟುಡಿಯೋಗೆ ಹೋಗದೆ ಹುತ್ತೂರಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಮುನಿವೆಂಕಟಮ್ಮನವರ ಗಂಡ ಹಗ್ಗ ಹೊಸೆಯುತ್ತಿದ್ದರು. ಪಕ್ಕದಲ್ಲೇ ಹುಳ ಸಾಕುವ ಉದ್ದನೆಯ ಕೋಣೆ. ಹುಳಕ್ಕೆ ನಾಲ್ಕನೇ ಜ್ವರ ಬಿಟ್ಟಿತ್ತು. ಹುಳ ಪೊರೆ ಬಿಡುವಾಗ ಮೇವು ಬಿಟ್ಟು ಮಲಗುವುದನ್ನು ಅವರು ಜ್ವರ ಅನ್ನುತ್ತಾರೆ. ಎದ್ದ ಮೇಲೆ ಅವುಗಳ ಹಸಿವು ಹೇಳತೀರದು. ಹೊರಗೆ ನಿಂತವನಿಗೂ ಸಾವಿರಾರು ಬಾಯಿಗಳು ಸೊಪ್ಪು ಮೇಯುವ ಸರಸರ ಸದ್ದು ಕೇಳುತ್ತಿತ್ತು. ಹುಳಕ್ಕೆ ಆ ವಾಸನೆ ಆಗದೆಂದು ಪೌಡರು, ಸೆಂಟು ಹಾಕಿದವರು ಒಳಗೆ ಬರುವಂತಿಲ್ಲ. ನಾನು ಎರಡನ್ನೂ ಹಾಕಿಕೊಂಡಿದ್ದೆ. ಬಾಗಿಲಾಚೆಯೇ ನಿಂತೆ.

ಒಳಗೆ ಭಾಗ್ಯ ಸೊಪ್ಪು ಹರವುತ್ತಿದ್ದರು. ಮೂವತ್ತೈದರ ಹೆಂಗಸು. ತಲೆ ಎತ್ತಿ ನೋಡಲಿಲ್ಲ. ನಾನು ಯಾರೆಂದು ಹೇಳಿದೆ. ತಪ್ಪಾಯಿತು ಅಂದೆ. ಚಿತ್ರ ಇಳಿಸಿದ್ದೇನೆ, ಫಲಕ ವಾಪಸ್ಸು ಕೊಟ್ಟಿದ್ದೇನೆ ಅಂದೆ. ಹುಳಗಳು ಮೇಯುತ್ತಲೇ ಇದ್ದವು. ಒಂದು ತಟ್ಟೆ ಮುಗಿಸಿ ಇನ್ನೊಂದು ತಟ್ಟೆಗೆ ಹೋದ ಮೇಲೆ ಭಾಗ್ಯ ಕೇಳಿದರು:

"ಹಸ್ರು ಸೀರೆ ಏನಾಯ್ತು ಸಾರ್?"

ನನಗೆ ಅರ್ಥವಾಗಲಿಲ್ಲ.

"ಅವತ್ತು ನಮ್ಮತ್ತೆ ಹಸ್ರು ಸೀರೆ ಉಟ್ಕೊಂಡ್ ಬಂದಿದ್ರಲ್ಲ. ಅದು ನನ್ ಸೀರೆ. ಐದ್ ಗಂಟೆಗೆ ಎದ್ದು ನಾನೇ ಉಡ್ಸಿದ್ದು, ನಾನೇ ಪಿನ್ ಹಾಕಿದ್ದು. ಎರಡು ವಾರದಿಂದ ಹಳೇ ಸೀರೇಲೇ ಹೋಗ್ತಾವ್ರೆ, ಫೋಟೋದಲ್ಲಿ ಚೆನ್ನಾಗಿ ಬರ್ಲಿ ಅಂತ. ಹೂವ ನಾನೇ ಕಟ್ಟಿದ್ದು. ಅದೆಲ್ಲಾ ಎಲ್ಲಿ ಹೋಯ್ತು?"

ಕಂಬಳಿ ಕೊಟ್ಟವನು ನಾನು. ಮುಚ್ಚಿದ್ದು ಬರೀ ಹೊಳೆಯುವ ಬಟ್ಟೆಯನ್ನು ಅಂದುಕೊಂಡಿದ್ದೆ. ಈ ಹೆಂಗಸು ಬೆಳಗಿನ ಜಾವ ಎದ್ದು ಮಾಡಿದ ಅಷ್ಟೂ ಅಕ್ಕರೆಯನ್ನು ಹರಿದ ಕಂಬಳಿಯಲ್ಲಿ ಮುಚ್ಚಿ, ಇವರ ಮನೆಯಲ್ಲಿ ಅಕ್ಕರೆಯೇ ಇಲ್ಲ ಎಂದು ಹೆಸರು ಬರೆದು ಗೋಡೆಗೆ ತೂಗುಹಾಕಿದ್ದೆ. "ಹೂವ ನಾನೇ ತೆಗೆಸಿದೆ, ಸೀರೆ ನಾನೇ ಮುಚ್ಚಿಸಿದೆ ಕಣಮ್ಮ," ಅಂದೆ.

ಭಾಗ್ಯ ಮೊದಲ ಸಲ ನನ್ನನ್ನು ನೋಡಿದರು. ಮುನಿವೆಂಕಟಮ್ಮನವರು ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ಕುಡಿದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಇನ್ನೊಂದು ಫೋಟೋ ತೆಗೆಯಲೇ ಎಂದು ಕೇಳಿದೆ. "ಹುಳ ಹಣ್ಣಾಗಿ ಗೂಡು ಕಟ್ಲಿ, ಗೂಡು ಮಾರ್ಕೆಟ್ಟಿಗೆ ಹೋಗ್ಲಿ, ಆಮೇಲ್ ನೋಡೋಣ," ಅಂದರು ಭಾಗ್ಯ. ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ.

ಮೂರು ಭಾನುವಾರ ಕಾದೆ. ನಾಲ್ಕನೆಯದರಲ್ಲಿ ಸ್ಟುಡಿಯೋದ ಬಾಗಿಲಲ್ಲಿ ಅತ್ತೆ ಸೊಸೆ ಇಬ್ಬರೂ ನಿಂತಿದ್ದರು. ಹಸಿರು ಸೀರೆ ಅತ್ತೆಯ ಮೈಮೇಲೆ. ಭಾಗ್ಯ ಹಳದಿ ಸೀರೆ ಉಟ್ಟಿದ್ದರು. ಇಬ್ಬರ ತಲೆಯಲ್ಲೂ ಕನಕಾಂಬರ. ಸುಬ್ರಮಣಿಯವರು ದೀಪ ಹಚ್ಚಿಕೊಟ್ಟು ಹೊರಗೆ ಹೋಗಿ ಕೂತರು. ಮುನಿವೆಂಕಟಮ್ಮನವರು ಈಗ ಪಳಗಿದ ಮಾಡೆಲ್. ಸೊಸೆಗೆ ಪಾಠ ಶುರುಮಾಡಿದರು.

"ಗದ್ದ ಒಸಿ ಕೆಳಗೆ. ಹಂಗಲ್ವೇ, ಕತ್ತು ಬಗ್ಗಿಸ್ಬೇಡ. ಸಾರ್ ಕಿವಿ ನೋಡು. ಕಣ್ಣು ಬಡೀಬೇಡ."

ಭಾಗ್ಯ ಕಲ್ಲಿನಂತೆ ಕೂತರು. ನಾನು ಎರಡು ದೀಪಗಳನ್ನೂ ಮುಂದಕ್ಕೆ ತಂದೆ, ಎರಡೂ ಪಕ್ಕಕ್ಕೆ ಥರ್ಮಾಕೋಲ್ ನಿಲ್ಲಿಸಿದೆ. ಸಿಂಧು ಹೇಳಿಕೊಟ್ಟಿದ್ದಂತೆ ಮಾತಾಡುತ್ತಲೇ ಇದ್ದೆ. "ಹೆಂಗೆ ತೆಗೀಲಮ್ಮ ಭಾಗ್ಯ? ನೀವೇ ಹೇಳಿ," ಅಂದೆ.

ಭಾಗ್ಯ ಅತ್ತೆಯ ಕಡೆ ನೋಡಿದರು. "ನಾನೂ ನಮ್ಮತ್ತೇನೂ ಜಗಳ ಆಡ್ದಿರೋ ದಿನ ಹೆಂಗಿರ್ತೀವೋ, ಹಂಗೆ."

"ಅಂಥ ದಿನ ಯಾವ್ದೇ?" ಅಂದರು ಅತ್ತೆ.

ಭಾಗ್ಯ ಅವರ ಬಾಯಿಂದ ನಗು ಸಿಡಿಯಿತು. ಅತ್ತೆ ಸೊಸೆಯ ಹೆಗಲಿಗೆ ಹಣೆ ತಾಗಿಸಿಕೊಂಡು, ಮೈ ಕುಲುಕಿಸಿ ನಕ್ಕರು. ಸರಿಯುತ್ತಿದ್ದ ಅತ್ತೆಯ ಸೆರಗನ್ನು ಭಾಗ್ಯ ಅವರ ಕೈ ತಾನಾಗಿಯೇ ಹೋಗಿ ಹಿಡಿಯಿತು. ಆಗ ಕ್ಲಿಕ್ಕಿಸಿದೆ. ಸುಬ್ರಮಣಿಯವರು ಒಳಗೆ ಬಂದು ನೋಡಿದರು. "ಕಣ್ಣು ಮುಚ್ಕೊಂಡವ್ರೆ. ನೆರಳೇ ಇಲ್ಲ. ಪೂರಾ ಫ್ಲಾಟು ಸರ್ವೇಯರ್ ಸಾರ್," ಅಂದರು. ಹಾಗೆಂದು ಹೇಳಿದವರು ಆ ಚಿತ್ರದ ಮುಂದಿನಿಂದ ಬೇಗ ಸರಿಯಲಿಲ್ಲ.

ಅದನ್ನು ಏನು ಮಾಡಬೇಕೆಂದು ನಾನು ಹೇಳಲಿಲ್ಲ. ಭಾಗ್ಯ ಅವರೇ ನಿರ್ಧರಿಸಿದರು. ಹಳೆಯ ಚಿತ್ರ ಯಾರ್ಯಾರಿಂದ ತಮಗೆ ಬಂದಿತ್ತೋ ಅವರಿಗೆಲ್ಲ, ತೌರಿನವರಿಗೂ, ಹೊಸದನ್ನು ಕಳಿಸಿದರು. ಜೊತೆಗೆ ಒಂದು ಅಕ್ಷರ ಬರೆಯಲಿಲ್ಲವಂತೆ. ಮಾರನೆಯ ಬೆಳಗ್ಗೆ ಹಾಲಿನ ಕ್ಯಾನು ತೆಗೆದುಕೊಂಡು ಡೈರಿಗೆ ಹೋದರಂತೆ. ಎಲ್ಲ ಸರಿಹೋಯಿತು ಎಂದು ನಿಮಗೆ ಹೇಳಲು ನನಗೂ ಆಸೆ. ಆದರೆ ಒಂದು ವರ್ಷದ ಮೇಲೆ ಆ ಕಂಬಳಿಯ ಚಿತ್ರ, ಕೈಬಿಟ್ಟ ತಾಯಂದಿರ ಮೇಲೆ ಯಾರೋ ಬರೆದ ನಾಲ್ಕು ಸಾಲಿನ ಜೊತೆ, ಮತ್ತೆಲ್ಲಿಂದಲೋ ತೇಲಿ ಬಂತು. ಭಾಗ್ಯ ನನಗೆ ಫೋನು ಮಾಡಿದರು. ನಾನು ಮತ್ತೆ ಕ್ಷಮೆ ಕೇಳಲು ಬಾಯಿ ತೆರೆದೆ. "ಬಿಡಿ ಸಾರ್, ನಾನೇ ಅವ್ರಿಗೆ ನಮ್ಮಿಬ್ರ ಫೋಟೋ ಕಳಿಸ್ದೆ. ಈ ಸಲ ನಿಮಗೆ ಸುಮ್ನೆ ತಿಳಿಸ್ದೆ ಅಷ್ಟೇ. ಅತ್ತೆ ಕೇಳ್ತಾವ್ರೆ, ಸಾರ್ ಅವ್ರೂರಿನ ಮಾವಿನಕಾಯಿ ಕೊಡ್ಸ್ತಾರಾ ಉಪ್ಪಿನಕಾಯಿಗೆ ಅಂತ," ಅಂದರು. ಕೊಟ್ಟುಬಂದೆ. ಈಗಲೂ ಪ್ರತಿ ವರ್ಷ ಒಂದು ಚೀಲ ಕೊಟ್ಟುಬರುತ್ತೇನೆ. ಬರುವಾಗ ಒಂದು ಬಾಟಲಿ ಉಪ್ಪಿನಕಾಯಿ ನನ್ನ ಚೀಲದಲ್ಲಿರುತ್ತದೆ.

ಇಸ್ತ್ರಿ ಗಾಡಿಯ ಮುಂದೆ ನಿಂತು ಇಷ್ಟೆಲ್ಲ ನೆನೆಸಿಕೊಂಡವನಿಗೆ ಮಾರನೆಯ ದಿನ, ಅಂದರೆ ನಿನ್ನೆ, ಏನು ಕಾದಿದೆ ಎಂದು ತಿಳಿದಿರಲಿಲ್ಲ. ಸುಬ್ರಮಣಿಯವರ ಭಾನುವಾರದ ತರಗತಿಗೆ ನಾನು ಈಗಲೂ ಹೋಗುತ್ತೇನೆ. ಹೊಸಬರಿಗೆ ದೀಪ ಸರಿಸಲು ನೆರವಾಗುತ್ತೇನೆ. ನಿನ್ನೆ ಬರಬೇಕಾಗಿದ್ದ ಮಾಡೆಲ್ ಬರಲಿಲ್ಲ. ಸುಬ್ರಮಣಿಯವರು ಸುತ್ತ ನೋಡಿ, "ಸರ್ವೇಯರ್ ಸಾರ್, ನೀವೇ ಕೂತ್ಕೊಳ್ಳಿ," ಅಂದುಬಿಟ್ಟರು.

ಇಷ್ಟು ವರ್ಷಗಳಲ್ಲಿ ನಾನು ಆ ಸ್ಟೂಲಿನ ಮೇಲೆ ಕೂತವನಲ್ಲ. ಕೂತ ಕೂಡಲೇ ದೀಪದ ಬಿಸಿ ಕೆನ್ನೆಗೆ ತಾಗಿತು. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಎದುರಿಗೆ ಕ್ಯಾಮೆರಾ ಹಿಡಿದು ನಿಂತವಳು ನಂಗಲಿ ಕಡೆಯ ಹುಡುಗಿ, ಕೋಲಾರದಲ್ಲಿ ನರ್ಸಿಂಗ್ ಓದುತ್ತಾಳೆ. ಅವಳು ಕ್ಯಾಮೆರಾ ಕೆಳಗಿಳಿಸಿ ಕೇಳಿದಳು:

"ಸಾರ್, ಹೆಂಗೆ ಕಾಣ್ಸ್ಬೇಕು ನಿಮಗೆ?"

ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಗಂಭೀರವಾಗಿ ಅನ್ನಲೇ? ದೊಡ್ಡ ಕಲಾವಿದನ ಹಾಗೆ ಅನ್ನಲೇ? ಎರಡೂ ಸುಳ್ಳು. ಅವಳು ಅವಸರ ಮಾಡದೆ ಕಾಯುತ್ತಿದ್ದಳು. ಕೊನೆಗೆ ಒಂದು ನಿಮಿಷ ತಡಿ ಕಣಮ್ಮ ಎಂದು ಸ್ಟೂಲಿನಿಂದಲೇ ಮನೆಗೆ ಫೋನು ಮಾಡಿದೆ.

"ಕನ್ನಡಕ ತೆಗೀಬೇಡಿ," ಅಂದಳು ನನ್ನ ಹೆಂಡತಿ, ಯಾಕೆ ಏನು ಎಂದೂ ಕೇಳದೆ. "ನಗೋಕೆ ಹೋಗ್ಬೇಡಿ, ನಿಮಗೆ ಬರಲ್ಲ. ಸಾಯಂಕಾಲ ಮನೆಗ್ ಬಂದು, ಚಪ್ಪಲಿ ಬಿಟ್ಟು, 'ಇದೀಯೇನೇ' ಅಂತ ಒಳಗೆ ಇಣುಕ್ತೀರಲ್ಲ, ಹಂಗಿರಿ."

ಹುಡುಗಿಗೆ ಅದನ್ನೇ ಹೇಳಿದೆ. ಅವಳು ತಲೆಯಾಡಿಸಿ, ದೀಪವನ್ನು ಒಂದು ಗೇಣು ಮುಂದಕ್ಕೆ ಎಳೆದು, ಕ್ಯಾಮೆರಾ ಎತ್ತಿದಳು. ನಾನು ಬಾಗಿಲಲ್ಲಿ ನಿಂತವನಂತೆ ಕತ್ತನ್ನು ಸ್ವಲ್ಪ ಮುಂದೆ ಮಾಡಿ, ಒಳಗೆ ಇಣುಕಿದೆ.